ಬ್ಲರ್ ಇಲ್ಲದೆ ಮದುಮಗಳ ಮುಖ: ನನ್ನ ಅನುಭವ

ಮದುವೆ ಆಲ್ಬಮ್‌ನಲ್ಲಿ ಮದುಮಗಳ ಮುಖದ ಕಲೆಗಳನ್ನು ಬ್ಲರ್ ಮಾಡದೆ, ಫೋಟೋಶಾಪ್‌ನ ಕರ್ವ್ಸ್‌ನಿಂದ (ತಿಳಿ-ಗಾಢ ಹೊಂದಿಸುವ ಸಾಧನ) ಸರಿಮಾಡುವುದು ನನ್ನ ದಾರಿ. "ಕರ್ವ್ಸ್ ಹಾಕ್ಕೊಂಡು ಒಂದೊಂದೇ ಕಲೆ ತೆಗೀತಾ ಕೂತ್ರೆ ಸೀಸನ್ ಮುಗಿದ್ರೂ ಆಲ್ಬಮ್ ಮುಗಿಯಲ್ಲ" ಅಂತ ಎಡಿಟಿಂಗ್ ಗೆಳೆಯರು ನಕ್ಕಿದ್ದರು. ಈಗ ಅವರೇ ಪಿಎಸ್‌ಡಿ (ಲೇಯರ್ ಸಮೇತ ಫೋಟೋಶಾಪ್ ಫೈಲ್) ಕಳಿಸು ಅನ್ನುತ್ತಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಚರ್ಮ ತಾನಾಗೇ ನುಣುಪು ಮಾಡುವ ಸ್ಕಿನ್ ಪ್ಲಗಿನ್‌ಗೆ ನಾಲ್ಕೈದು ಸಾವಿರ, ಒಂದೇ ಕ್ಲಿಕ್‌ಗೆ ಎಡಿಟ್ ಮಾಡುವ ಆಕ್ಷನ್ ಪ್ಯಾಕ್‌ಗೆ ಸಾವಿರ ಚಿಲ್ಲರೆ. ಮಾನಿಟರ್‌ನಲ್ಲಿ ಚೆನ್ನಾಗೇ ಕಾಣುತ್ತಿತ್ತು. 12×36 ಇಂಚಿನ ಶೀಟ್ ಪ್ರಿಂಟ್ ಆಗಿ ಬಂದರೆ ಕೆನ್ನೆ ಮೇಣದ ಬೊಂಬೆ, ಕತ್ತು ಮಾತ್ರ ಮನುಷ್ಯರದ್ದು. ಹುಡುಗಿಯ ಅಮ್ಮ "ಇವಳು ನಮ್ಮ ಮಗಳಾ?" ಅಂದರು. ಏಳೆಂಟು ಶೀಟ್ ಮತ್ತೆ ಪ್ರಿಂಟ್, ಖರ್ಚು ನನ್ನದೇ.

ಚರ್ಮದ ಸಣ್ಣ ವಿವರ ಒಂದು ಲೇಯರ್‌ಗೆ, ಬಣ್ಣ-ನೆರಳು ಇನ್ನೊಂದಕ್ಕೆ (ಲೋ ಲೇಯರ್) ಬೇರ್ಪಡಿಸುವ ಫ್ರೀಕ್ವೆನ್ಸಿ ಸೆಪರೇಶನ್ ಕೂಡ ಕೈ ಕೊಟ್ಟಿತು. ಲೋ ಲೇಯರ್‌ನಲ್ಲಿ ಲಾಸೋ ಎಳೆದು ಜಾಗ ಆಯ್ದು ಬ್ಲರ್ ಮಾಡಿದರೆ ಮೂಗಿನ ಪಕ್ಕದ ನೆರಳು ಕೆನ್ನೆಗೆ ಹರಡಿ, ಪೆಟ್ಟು ಬಿದ್ದು ಕಂದಿದ ಹಾಗೆ ಕಾಣುತ್ತದೆ. ಗ್ರೂಪ್ ಫೋಟೋಗೆ ಈಗಲೂ ಅದೇ ಸಾಕು, ಅಲ್ಲಿ ಯಾರು ನೋಡುತ್ತಾರೆ!

ಕ್ಲೋಸಪ್‌ಗೆ ಈಗ ಹೀಗೆ. ಮೊಡವೆ ಮಾತ್ರ ಖಾಲಿ ಲೇಯರ್ ಮೇಲೆ ಹೀಲಿಂಗ್ ಬ್ರಶ್‌ನಿಂದ. ಆಮೇಲೆ ಎರಡು ಕರ್ವ್ಸ್ ಲೇಯರ್, ಒಂದು ತಿಳಿ ಮಾಡಲು, ಒಂದು ಗಾಢ ಮಾಡಲು, ಎರಡಕ್ಕೂ ಪರಿಣಾಮವನ್ನು ಮುಚ್ಚಿಡುವ ಕಪ್ಪು ಮಾಸ್ಕ್. ಎಲ್ಲದರ ಮೇಲೆ ಒಂದು ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಹಾಕಿ ರೆಡ್ ಸ್ಲೈಡರ್ ಇಳಿಸಿ, ಅಡಗಿದ್ದ ಕಲೆಯೆಲ್ಲ ಎದ್ದು ಬರುತ್ತದೆ. ಅದನ್ನು ನೋಡುತ್ತಾ ಕರ್ವ್ಸ್ ಮಾಸ್ಕ್ ಮೇಲೆ ಬಿಳಿ ಬ್ರಶ್ ಆಡಿಸಿ, ಕೆಲಸ ಮುಗಿದ ಮೇಲೆ ಆ ಬ್ಲ್ಯಾಕ್ ಅಂಡ್ ವೈಟ್ ಲೇಯರ್ ತೆಗೆದುಬಿಡಿ. ಬ್ರಶ್‌ನ ಫ್ಲೋ (ಬಣ್ಣ ಹರಿಯುವ ಪ್ರಮಾಣ) 2-3%. ಝೂಮ್ 60% ದಾಟಬೇಡಿ, 200ಕ್ಕೆ ಹೋದರೆ ರಂಧ್ರ ಎಣಿಸುತ್ತಾ ಸುಮ್ನೆ ರಾತ್ರಿ ಕಳೆಯುತ್ತೀರಿ. ಕಪ್ಪು ಮೈಬಣ್ಣ ಬೂದಿ ಬಣ್ಣಕ್ಕೆ ತಿರುಗದಂತೆ ತಿಳಿ ಮಾಡುವ ಕರ್ವ್‌ನ ಒಂದು ಚಾನೆಲ್‌ನಲ್ಲಿ (ಕೆಂಪು, ಹಸಿರು, ನೀಲಿಯಲ್ಲಿ ಒಂದು) ಸಣ್ಣ ಕೈಚಳಕ ಇದೆ. ಅದನ್ನು ಹೇಳುವುದಿಲ್ಲ, ನನ್ನ ಅನ್ನ ಅದು.

ಶುರುವಿನಲ್ಲಿ ಒಂದು ಮುಖಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಈಗ ಹತ್ತು ಹನ್ನೆರಡು ನಿಮಿಷ. ಆಲ್ಬಮ್‌ಗೆ ಹದಿನೈದಿಪ್ಪತ್ತು ಕ್ಲೋಸಪ್ ಅಷ್ಟೇ. ಒಂದಕ್ಕೆ ನೂರೈವತ್ತು ರೂಪಾಯಿ ಜಾಸ್ತಿ ಕೇಳುತ್ತೇನೆ, ಕೊಡುತ್ತಾರೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಚರ್ಮ ನುಣುಪಾಗಿ ಕಾಣುವುದು ರೆಡ್ ಚಾನೆಲ್‌ನಲ್ಲಿ, ಅಲ್ವಾ? ಅದನ್ನೇ ಕಾಪಿ ಮಾಡಿ ಬೆಳಕಿನ ಮಟ್ಟವನ್ನಷ್ಟೇ ಬದಲಿಸುವ ಲ್ಯುಮಿನಾಸಿಟಿ ಮೋಡ್‌ನಲ್ಲಿ ಹಾಕಿದೆ. ಕಲೆ ಮಾಯ, ಜೊತೆಗೆ ಹಣೆಯ ಕುಂಕುಮ, ತುಟಿಯ ಬಣ್ಣ ಎರಡೂ ಪೇಲವ! ಅವೆರಡನ್ನು ಮಾಸ್ಕ್ ಮಾಡಿ 20% ಒಪಾಸಿಟಿ (ಲೇಯರ್ ಕಾಣುವ ಪ್ರಮಾಣ) ಇಟ್ಟರೆ ಪರವಾಗಿಲ್ಲ. ಅರಿಶಿನ ಶಾಸ್ತ್ರದ ಹಳದಿಯನ್ನು ಮಾತ್ರ ಪೂರ್ತಿ ತೆಗೆಯಬೇಡಿ, ಮನೆಯವರಿಗೆ ಅದು ಬೇಕು.

ಮೌಸ್‌ನಲ್ಲಿ ಇದು ಆಗುವುದಿಲ್ಲ. ನನ್ನದು ಸೆಕೆಂಡ್ ಹ್ಯಾಂಡ್ ಪೆನ್ ಟ್ಯಾಬ್ಲೆಟ್, ಎರಡೂವರೆ ಸಾವಿರ ಇರಬೇಕು. ಆಷಾಢದಲ್ಲಿ ಮದುವೆ ಕೆಲಸ ಇರುವುದಿಲ್ಲ, ಹಳೇ ಫೈಲ್ ತೆಗೆದು ಆಗ ಕೈ ಪಳಗಿಸಿಕೊಳ್ಳಿ.