‘ಮೊವೆ ಕಾರ್ ದರ್’: ಫ್ರೆಂಚರ ಕೆಟ್ಟ ಕಾಲು ಗಂಟೆಯನ್ನು ಬಳಸುವ ಬಗೆ

ಹಳೆಯ ಇಂಗ್ಲಿಷ್ ಗದ್ಯ, ಅದರಲ್ಲೂ 19ನೇ ಶತಮಾನದ ಕೊನೆಯ ಭಾಗದ್ದು, ಓದುವವರಿಗೆ ಓರೆ ಅಕ್ಷರದಲ್ಲಿ ಅಚ್ಚಾದ ಈ ಫ್ರೆಂಚ್ ತುಣುಕು ಆಗಾಗ ಅಡ್ಡ ಬರುತ್ತದೆ: ಮೊವೆ ಕಾರ್ ದರ್ (mauvais quart d’heure). ಮೊವೆ ಎಂದರೆ ಕೆಟ್ಟ, ಕಾರ್ ಎಂದರೆ ಕಾಲು ಭಾಗ, ದರ್ ಎಂದರೆ ಗಂಟೆಯ. ಒಟ್ಟಿನಲ್ಲಿ ‘ಕೆಟ್ಟ ಕಾಲು ಗಂಟೆ’. ಮೈ ಹಿಡಿ ಮಾಡಿಕೊಂಡು ಹೇಗೋ ದಾಟಿಬಿಡುವ ಮುಜುಗರದ ಸ್ವಲ್ಪ ಹೊತ್ತಿಗೆ ಇಂಗ್ಲಿಷಿನವರು ಇದನ್ನು ಎರವಲು ತಂದುಕೊಂಡರು. ಗಡಿಯಾರ ಹಿಡಿದು ಹದಿನೈದು ನಿಮಿಷ ಎಣಿಸಬೇಕಿಲ್ಲ. ಎರಡು ನಿಮಿಷವಾದರೂ ಸರಿ, ಅರ್ಧ ಗಂಟೆಯಾದರೂ ಸರಿ.

ಮೊದಲು ಉಚ್ಚಾರ. ಬರೆದದ್ದನ್ನೆಲ್ಲ ಓದಿದರೆ ಕೆಟ್ಟಿತು. ಮೊದಲ ಪದದ ಕೊನೆಯ ಎಸ್, ಎರಡನೆಯದರ ಕೊನೆಯ ಟಿ, ಮೂರನೆಯದರ ಎಚ್, ತುದಿಯ ಇ, ಇವು ನಾಲ್ಕೂ ಮೂಕ. ‘ಮೌವೈಸ್ ಕ್ವಾರ್ಟ್ ಡಿ ಹ್ಯೂರ್’ ಎಂದವರನ್ನು ಕಂಡು ಫ್ರೆಂಚ್ ಬಲ್ಲವರು ನಗುವುದು ಇದಕ್ಕೇ. ಕನ್ನಡದ ಬಾಯಿಗೆ ಇಲ್ಲೊಂದು ಅನುಕೂಲವಿದೆ: ಫ್ರೆಂಚಿನ ಡಿ ನಾಲಿಗೆ ಹಲ್ಲಿಗೆ ತಾಗಿ ಬರುವ ನಮ್ಮ ‘ದ’ಕ್ಕೆ ಹತ್ತಿರ, ‘ಡ’ಕ್ಕಲ್ಲ. ಕಷ್ಟವಿರುವುದು ‘ದರ್’ನ ಸ್ವರದಲ್ಲಿ. ಅದು ನಮ್ಮ ಅಕ್ಷರಮಾಲೆಯಲ್ಲಿಲ್ಲ. ತುಟಿಯನ್ನು ‘ಒ’ ಎನ್ನುವಂತೆ ದುಂಡಗೆ ಇಟ್ಟುಕೊಂಡು, ಹಾಗೇ ‘ಎ’ ಎನ್ನಲು ನೋಡಿ, ಹೆಚ್ಚುಕಡಿಮೆ ಅದೇ ಬರುತ್ತದೆ. ಕೊನೆಯ ರಕಾರ ನಾಲಿಗೆ ತುದಿಯದಲ್ಲ, ಗಂಟಲ ಬಳಿಯದು. ಇಂಗ್ಲಿಷ್ ಮಾತಿನ ನಡುವೆ ಬಳಸುವಾಗ ಇಷ್ಟೆಲ್ಲ ಸಾಹಸ ಬೇಕಿಲ್ಲ, ‘ಮೋವೇ ಕಾರ್ ಡರ್’ ಎಂದರೆ ಸಾಕು.

ಮೂರನೆಯ ಪದದ ನಡುವೆ ಒಂದು ಮೇಲ್ಚುಕ್ಕೆ (ಅಪಾಸ್ಟ್ರಫಿ) ಇರುತ್ತದೆ, ಬರೆಯುವಾಗ ಅದನ್ನು ಬಿಡುವಂತಿಲ್ಲ. ‘ದ’ ಮತ್ತು ‘ಅರ್’ ಎಂಬ ಎರಡು ಪದ ಸೇರುವಾಗ ಮೊದಲಿನದರ ಸ್ವರ ಬಿದ್ದುಹೋಗಿರುವ ಗುರುತು ಅದು. ಬೇರೆ, ಒಬ್ಬ ಸೇರಿ ಬೇರೊಬ್ಬ ಆಯಿತಲ್ಲ, ಅದೇ ಲೋಪಸಂಧಿ. ಎಚ್ ಮೂಕವಾದ್ದರಿಂದ ಫ್ರೆಂಚ್ ಕಿವಿಗೆ ಎರಡನೆಯ ಪದ ಸ್ವರದಿಂದಲೇ ಶುರುವಾಗುತ್ತದೆ.

ಕಾಗುಣಿತದಲ್ಲಿ ಅರೆಬರೆ ಫ್ರೆಂಚ್ ಕಲಿತವರು ಎಡವುವ ಜಾಗ ಒಂದಿದೆ. ಗಂಟೆಗೆ ಫ್ರೆಂಚಿನಲ್ಲಿ ಸ್ತ್ರೀಲಿಂಗ, ಹಾಗಾಗಿ ‘ಕೆಟ್ಟ’ ಎಂಬುದಕ್ಕೂ ಸ್ತ್ರೀಲಿಂಗದ ಇ ಅಂಟಿಸಿ ‘ಮೊವೆಜ಼್’ ಮಾಡಿಬಿಡುತ್ತಾರೆ. ಆದರೆ ಇಲ್ಲಿ ಕೆಟ್ಟಿರುವುದು ಗಂಟೆಯಲ್ಲ, ಕಾಲು ಭಾಗ, ಮತ್ತು ಅದು ಪುಲ್ಲಿಂಗ. ಕೆಟ್ಟ ಹುಡುಗ, ಕೆಟ್ಟ ಹುಡುಗಿ ಎಂದು ಎರಡಕ್ಕೂ ಒಂದೇ ‘ಕೆಟ್ಟ’ ಬಳಸುವ ನಮಗೆ ಇದು ನೆನಪಿನಲ್ಲಿ ನಿಲ್ಲುವುದು ಕಷ್ಟವೇ. ಬಹುವಚನ ಬೇಕಾದರೆ ನಡುವಿನ ಪದಕ್ಕೆ ಮಾತ್ರ ಎಸ್ ಸೇರಿಸಿ. ಉಚ್ಚಾರ ಒಂದಿಷ್ಟೂ ಬದಲಾಗದು.

ಇನ್ನು ಬಳಕೆ. ಇಂಗ್ಲಿಷಿನಲ್ಲಿ ಇದು ನಾಮಪದ, ಹಿಂದೆ ‘ಎ’ ಬರುತ್ತದೆ, ‘ಹ್ಯಾಡ್’, ‘ಸ್ಪೆಂಟ್’, ‘ಗೇವ್ ಮಿ’ ಇಂಥ ಕ್ರಿಯಾಪದಗಳ ಜೊತೆ ಹೊಂದುತ್ತದೆ. ನೋಡಬೇಕಾದ್ದು ಎರಡು: ಹೊತ್ತು ಚಿಕ್ಕದಾಗಿರಬೇಕು, ಮುಗಿದ ಮೇಲೆ ಗಾಯ ಉಳಿದಿರಬಾರದು. ಇಮಿಗ್ರೇಶನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತಿರುವಿ ತಿರುವಿ ನೋಡಿದ ಅಧಿಕಾರಿಯ ಮುಂದೆ ನಿಂತದ್ದು ಸರಿಹೊಂದುತ್ತದೆ. ಕೆಲಸ ಹೋದದ್ದಕ್ಕೆ, ಸಾವಿಗೆ ಇದನ್ನು ಬಳಸಿದರೆ ಬರೆದವನಿಗೆ ಹೃದಯವಿಲ್ಲ ಅನಿಸುತ್ತದೆ. ‘ಫೋ ಪಾ’ ಜೊತೆ ಕಲಸಿಕೊಳ್ಳಲೂಬಾರದು. ಫೋ ಪಾ ಎಂದರೆ ನಾವು ಮಾಡಿದ ಎಡವಟ್ಟು. ಅದಾದ ಮೇಲೆ ಎಲ್ಲರೂ ಸುಮ್ಮನಾಗಿ ತಟ್ಟೆ ನೋಡುತ್ತ ಕೂರುತ್ತಾರಲ್ಲ, ಆ ಹೊತ್ತು ಮೊವೆ ಕಾರ್ ದರ್.

ಫ್ರೆಂಚರೊಡನೆ ಮಾತಾಡುವಾಗ ಮಾತ್ರ ಜೋಕೆ. ಅವರಲ್ಲಿ ಈ ಮಾತಿಗೆ ಇನ್ನೊಂದಿಷ್ಟು ಖಾರ. ‘ಅವನಿಗೆ ಇವತ್ತು ಕೆಟ್ಟ ಕಾಲು ಗಂಟೆ ಕಾದಿದೆ’ ಎಂದು ಫ್ರೆಂಚಿನಲ್ಲಿ ಹೇಳಿದರೆ, ಮುಜುಗರ ಅಂತಲ್ಲ, ಚೆನ್ನಾಗಿ ಬೈಸಿಕೊಳ್ಳುತ್ತಾನೆ, ಏಟೂ ಬೀಳಬಹುದು ಅಂತ. ನಮ್ಮಲ್ಲಿ ‘ಇವತ್ತು ಅವನಿಗೆ ಮಂಗಳಾರತಿ’ ಅನ್ನುತ್ತೇವಲ್ಲ, ಹಾಗೆ.

ಅನುವಾದಕರು ‘ಕೆಟ್ಟ ಗಳಿಗೆ’ ಎಂದು ಬರೆಯುವ ಆಸೆಗೆ ಬೀಳಬಾರದು. ಗಳಿಗೆ 24 ನಿಮಿಷದ್ದು ಎಂಬುದು ಬಿಡಿ, ಕೆಟ್ಟ ಗಳಿಗೆ ಎಂದೊಡನೆ ಪಂಚಾಂಗ ತೆರೆದುಕೊಳ್ಳುತ್ತದೆ. ಇಂಗ್ಲಿಷಿನವರು ಬಳಸುವ ಈ ಮಾತಿನಲ್ಲಿ ಗ್ರಹಚಾರವಿಲ್ಲ, ಬರೀ ಸಂಕೋಚವಿದೆ. ‘ಸ್ವಲ್ಪ ಹೊತ್ತು ಮುಳ್ಳಿನ ಮೇಲೆ ಕೂತ ಹಾಗಾಯಿತು’ ಎಂದರೆ ಅಳತೆಗೆ ಸರಿಯಾಗಿ ಕೂರುತ್ತದೆ. ‘ಬಾಯಲ್ಲಿ ಬಿಸಿ ತುಪ್ಪ’ ಆಗದು, ಅದು ಉಗುಳಲೋ ನುಂಗಲೋ ಎಂಬ ದ್ವಂದ್ವದ ಮಾತು.

ಫ್ರೆಂಚರ ಬಳಿ ಇನ್ನೂ ಕೆಲವು ಕಾಲು ಗಂಟೆಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಇಡಬೇಡಿ. ‘ರಾಬ್ಲೆಯ ಕಾಲು ಗಂಟೆ’ ಎಂದರೆ ಬಿಲ್ ಕೊಡಬೇಕಾದ ಗಳಿಗೆ. 16ನೇ ಶತಮಾನದ ಲೇಖಕ ರಾಬ್ಲೆ ಲಿಯೋನ್ ನಗರದ ಛತ್ರದಲ್ಲಿ ಕಾಸಿಲ್ಲದೆ ಸಿಕ್ಕಿಬಿದ್ದು, ‘ರಾಜನಿಗೆ ವಿಷ’, ‘ರಾಣಿಗೆ ವಿಷ’ ಎಂದು ಚೀಟಿ ಅಂಟಿಸಿದ ಪೊಟ್ಟಣಗಳನ್ನು ಕಣ್ಣಿಗೆ ಬೀಳುವಂತೆ ಇಟ್ಟನಂತೆ. ಸೆರೆಹಿಡಿದವರು ಅವನನ್ನು ಪ್ಯಾರಿಸ್ಸಿಗೆ ಸಾಗಿಸಿದರು, ಛತ್ರದ ಸಾಲವೂ ಪ್ರಯಾಣದ ಖರ್ಚೂ ತಪ್ಪಿತು, ರಾಜ ನಕ್ಕುಬಿಟ್ಟ. ಇದು ದಂತಕಥೆ, ಚರಿತ್ರೆಯಲ್ಲ. ಹತ್ತು ಜನರಿಗೆ ಊಟ ಹಾಕಿಸಿ, ಕೌಂಟರಿನ ಮುಂದೆ ಯುಪಿಐ ಗಿರಗಿರ ಸುತ್ತುವುದನ್ನೇ ನೋಡುತ್ತ ನಿಂತವರಿಗೆ ಈ ಮಾತೂ ಹೊಂದುತ್ತದೆ, ಮೊವೆ ಕಾರ್ ದರ್ ಕೂಡ.

ಇನ್ನೊಂದು ‘ಮರ್ಯಾದೆಯ ಕಾಲು ಗಂಟೆ’. ಊಟಕ್ಕೆ ಕರೆದವರ ಮನೆಗೆ ಹೇಳಿದ ಹೊತ್ತಿಗಿಂತ ಸುಮಾರು ಹದಿನೈದು ನಿಮಿಷ ತಡವಾಗಿ ಹೋಗುವುದು ಫ್ರಾನ್ಸಿನಲ್ಲಿ ಸೌಜನ್ಯ. ಎಂಟಕ್ಕೆ ಎಂದವರ ಬಾಗಿಲನ್ನು ಎಂಟಕ್ಕೇ ತಟ್ಟಿದರೆ, ಒಳಗೆ ಇನ್ನೂ ಈರುಳ್ಳಿ ಹೆಚ್ಚುತ್ತಿರುತ್ತಾರೆ.