ಹೊಳೆದಂಡೆಯ ಹಳೇ ಊರು: ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆ ಇರಿ

ಸೂರ್ಯ ಮುಳುಗಿದ ಕೂಡಲೇ ಫೋಟೋ ತೆಗೆಯಲು ಬಂದ ಹೆಚ್ಚಿನವರು ಎದ್ದು ಹೊರಟುಬಿಡುತ್ತಾರೆ. ನಿಜವಾದ ಚೆಂದ ಶುರುವಾಗುವುದೇ ಆಮೇಲೆ. ಸುಮಾರು 15–30 ನಿಮಿಷಕ್ಕೆ ಆಕಾಶದ ನೀಲಿ, ದೀಪಗಳ ಹಳದಿ ಎರಡೂ ಸರಿಸಮ ಆಗುತ್ತವೆ. ಇನ್ನೂ ತಡವಾದರೆ ಆಕಾಶ ಕಪ್ಪು, ದೀಪಗಳು ಬರೀ ಬಿಳಿ ಚುಕ್ಕೆ.

ಊರಿನ ಸಾಲು ಕಟ್ಟಡ ಪೂರ್ತಿ ಕಾಣಬೇಕಾದರೆ ಎದುರು ದಡದಲ್ಲಿ ನಿಲ್ಲಿ. ಟ್ರೈಪಾಡ್ (ಕ್ಯಾಮೆರಾ ಇಡುವ ಮುಕ್ಕಾಲಿ) ಇದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/8, ಶಟರ್ (ಬೆಳಕು ಒಳಬಿಡುವ ಸಮಯ) 4 ಸೆಕೆಂಡಿನಿಂದ ಶುರುಮಾಡಿ. 2 ಸೆಕೆಂಡ್ ಟೈಮರ್ ಹಾಕಿ, ಬೆರಳು ತಾಗಿದ ಅಲುಗಾಟವೂ ಇರುವುದಿಲ್ಲ. ಮುಂದೆ ದೋಣಿ ಇದ್ದರೆ ಐಎಸ್‌ಒ ಏರಿಸಿ ಶಟರ್ ಚುರುಕು ಮಾಡಲೇಬೇಕು. ಹಗ್ಗ ಕಟ್ಟಿ ನಿಲ್ಲಿಸಿದ ದೋಣಿಯೂ ನೀರಲ್ಲಿ ತೂಗುತ್ತಿರುತ್ತದೆ, ಅಂಚೆಲ್ಲ ಮಸುಕಾಗುತ್ತದೆ.

ನೀರಿಗೆ ತಾಗಿದ ಮೆಟ್ಟಿಲ ಮೇಲಿನ ಪಾಚಿ ಕತ್ತಲಲ್ಲಿ ಕಾಣುವುದಿಲ್ಲ. ಒಣಗಿದ ಮೆಟ್ಟಿಲಲ್ಲೇ ಕಾಲೂರಿ.