ಗೇಟಿನ ಹೊರಗಿನ ಸಾಲನ್ನೂ ಲೆಕ್ಕಕ್ಕೆ ಹಿಡಿದೆವು

ನವಿ ಮುಂಬೈನ ನ್ಹಾವಾ ಶೇವಾದಲ್ಲಿ ಒಂದು ಕಂಟೇನರ್ ಟರ್ಮಿನಲ್‌ನ ಗುಣಮಟ್ಟ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ಹಡಗಿನ ಕಡೆಯ ಲೆಕ್ಕ ನಮ್ಮಲ್ಲಿ ಯಾವತ್ತೂ ಪಕ್ಕಾ. ಗಂಟೆಗೆ ಕ್ರೇನ್ ಎಷ್ಟು ಡಬ್ಬ ಎತ್ತಿತು, ಹಡಗು ದಕ್ಕೆಯ ಬರ್ತ್‌ನಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದು ಪ್ರತಿ ಪಾಳಿಗೂ ಪರದೆ ಮೇಲೆ ಬರುತ್ತದೆ. ಹಡಗು ಕಂಪನಿಗಳು ಕೇಳುತ್ತವೆ, ನಾವು ಅಳೆಯುತ್ತೇವೆ. ಟ್ರೇಲರ್ ಡ್ರೈವರುಗಳ ಪರವಾಗಿ ಹಾಗೆ ಕೇಳುವವರು ಕಡಿಮೆ.

ದಾಖಲೆಯಲ್ಲಿ ಟ್ರೇಲರ್‌ನ ಸಮಯ ಶುರುವಾಗುವುದು ಗೇಟ್ ದಾಟಿದ ಮೇಲೆ. ಆ ಸಂಖ್ಯೆ ಚೆನ್ನಾಗಿಯೇ ಇತ್ತು, ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್‌ಒ 9001 ಆಡಿಟ್‌ನಲ್ಲೂ ಯಾರೂ ತಕರಾರು ತೆಗೆದಿರಲಿಲ್ಲ. ಆದರೂ ಗಾಡಿಗಳು ಕಾಯುತ್ತವೆ ಎಂಬ ದೂರು ನಿಲ್ಲಲಿಲ್ಲ. ಏನಾಗುತ್ತಿದೆ ನೋಡೋಣ ಎಂದು ಬಂದರಿನ ದಾರಿಯಲ್ಲಿರುವ ಕರಳ ಫಾಟಾ ಕಡೆಯ ಸಾಲಿನುದ್ದಕ್ಕೂ ನಡೆದುಕೊಂಡೇ ಹೋದೆ. ಈ ರಸ್ತೆಯಲ್ಲಿ ವಿಜಯಪುರ, ಕಲಬುರಗಿ ಕಡೆಯ ಡ್ರೈವರುಗಳು ಸಿಗುತ್ತಾರೆ. ಕನ್ನಡ ಕೇಳಿದ ಕೂಡಲೇ ಕ್ಯಾಬಿನ್ ಬಾಗಿಲು ತೆರೆಯುತ್ತಾರೆ. ಇಂಡಿ ತಾಲ್ಲೂಕಿನ ಒಬ್ಬರು ಹೇಳಿದರು: "ಮುಂಜಾನಿಯಿಂದ ಊಟಾ ಇಲ್ಲ ಸಾಹೇಬ್ರ. ಇಳದು ಹೋದ್ರ ಹಿಂದಿನ ಗಾಡಿ ಮುಂದ ಹೊಕ್ತೈತಿ." ಟ್ರಿಪ್ ಲೆಕ್ಕದಲ್ಲಿ ದುಡಿಯುವವರಿಗೆ ಸಾಲಿನಲ್ಲಿ ಕಳೆದ ಹೊತ್ತಿಗೆ ಕೂಲಿ ಇಲ್ಲ.

ಗೇಟಿಗೆ ಮೊದಲು ಗಾಡಿಗಳು ನಿಲ್ಲುವ ಪಾರ್ಕಿಂಗ್ ಪ್ಲಾಜಾಕ್ಕೆ ಬಂದ ಸಮಯವನ್ನೂ ಗೇಟ್ ದಾಟಿದ ಸಮಯವನ್ನೂ ಜೋಡಿಸಿ ನೋಡತೊಡಗಿದೆವು. ಇನ್ನೊಂದು ಕಡೆ, ಗೇಟಿನಲ್ಲಿ ತಡೆದ ಪ್ರತಿ ಗಾಡಿಯ ಕಾರಣವನ್ನು ಗುಮಾಸ್ತರು ಒಂದು ಸಾಲಿನಲ್ಲಿ ಬರೆದಿಡಬೇಕೆಂದು ಮಾಡಿದೆವು. ಬೇಡದ ಕೆಲಸ ಎಂದು ಮೊದಲು ಗೊಣಗಿದವರೇ ಆಮೇಲೆ ಅತ್ಯಂತ ಉಪಯುಕ್ತ ಮಾಹಿತಿ ಕೊಟ್ಟರು. ಕಾರಣಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದಾಗ ಮೇಲೆ ಬಂದದ್ದು ನಾಲ್ಕೇ: ರಫ್ತು ಕಂಟೇನರನ್ನು ಒಳಬಿಡುವ ಪತ್ರವಾದ ಫಾರ್ಮ್ 13ರಲ್ಲಿ ಕಂಟೇನರ್ ಸಂಖ್ಯೆ ತಪ್ಪು, ಬಾಗಿಲಿನ ಸೀಲ್ ಸಂಖ್ಯೆ ದಾಖಲೆಗೆ ಹೊಂದದಿರುವುದು, ಹೋಗಬೇಕಾದ ಹಡಗಿನ ಗೇಟ್, ಅಂದರೆ ಅದರ ಡಬ್ಬಗಳನ್ನು ಒಳಗೆ ಬಿಡುವ ಅವಧಿ, ಇನ್ನೂ ತೆರೆಯದಿರುವುದು, ತುಂಬಿದ ಕಂಟೇನರಿನ ದೃಢೀಕರಿಸಿದ ತೂಕ ದಾಖಲಾಗದಿರುವುದು. ಸೋಲಾಸ್ ಎಂಬ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ಒಪ್ಪಂದದ ನಿಯಮದಂತೆ 2016ರ ಜುಲೈ 1ರಿಂದ ಆ ತೂಕವಿಲ್ಲದೆ ಡಬ್ಬವನ್ನು ಹಡಗಿಗೆ ಏರಿಸುವಂತಿಲ್ಲ.

ಕಂಟೇನರ್ ಸಂಖ್ಯೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಲ್ಕು ಅಕ್ಷರ, ಆರು ಅಂಕಿ, ಕೊನೆಯಲ್ಲಿ ಚೌಕದೊಳಗೆ ಒಂದೇ ಅಂಕಿ. ಆ ಕೊನೆಯ ಅಂಕಿ ಉಳಿದವುಗಳಿಂದಲೇ ಹುಟ್ಟಿದ್ದು. ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ. ಆ ಬೆಲೆಗಳನ್ನೂ ಆರು ಅಂಕಿಗಳನ್ನೂ ಎಡದಿಂದ ಬಲಕ್ಕೆ 1, 2, 4, 8 ಹೀಗೆ ಇಮ್ಮಡಿಯಾಗುವ ಸಂಖ್ಯೆಗಳಿಂದ ಗುಣಿಸಿ, ಕೂಡಿ, 11ರಿಂದ ಭಾಗಿಸಿದರೆ ಉಳಿಯುವ ಶೇಷವೇ ಅದು. ಶೇಷ 10 ಬಂದರೆ ಸೊನ್ನೆ. ಮಳೆಗಾಲದ ರಾತ್ರಿ ಕೆಸರು ಮೆತ್ತಿದ ಬಾಗಿಲ ಮೇಲೆ 3 ಅನ್ನು 8 ಎಂದು ಓದಿ ಬರೆದರೂ ಈ ಲೆಕ್ಕ ಬಹುಮಟ್ಟಿಗೆ ಹಿಡಿದುಬಿಡುತ್ತದೆ. ಇಷ್ಟು ಒಳ್ಳೆಯ ಸಾಧನ ಡಬ್ಬದ ಮೇಲೆಯೇ ಇರುವಾಗ, ತಪ್ಪು ಗೇಟಿನ ತನಕ ಬಂದು ಡ್ರೈವರ್ ತಲೆ ಮೇಲೆ ಬೀಳುವುದು ಅನ್ಯಾಯ. ಹಾಗಾಗಿ ಫಾರ್ಮ್ ತುಂಬುವ ಜಾಗದಲ್ಲೇ ಈ ತಾಳೆ ಕಡ್ಡಾಯ ಮಾಡಿದೆವು. ಸಂಖ್ಯೆ ಹೊಂದದಿದ್ದರೆ ಫಾರ್ಮ್ ಹುಟ್ಟುವುದೇ ಇಲ್ಲ. ತೂಕ ಮತ್ತು ಹಡಗಿನ ಗೇಟ್ ವಿಷಯಕ್ಕೂ ಅದೇ ಕ್ರಮ. ಸೀಲ್ ಮಾತ್ರ ಕಣ್ಣಿನಿಂದಲೇ ನೋಡಬೇಕು, ಅದಕ್ಕೆ ಕಾರ್ಖಾನೆಯಲ್ಲೇ ಫೋಟೊ ತೆಗೆಯುವ ಪದ್ಧತಿ ತಂದೆವು. ಕಸ್ಟಮ್ಸ್ ಏಜೆಂಟರಲ್ಲಿ ಕೆಲವರು ಸಿಡಿಮಿಡಿಗೊಂಡರು. ತಮ್ಮ ಗಾಡಿ ಬೇಗ ಹೊರಬರುವುದು ಕಂಡ ಮೇಲೆ ಸುಮ್ಮನಾದರು.

ಆಮದಿನ ಕಡೆ ಕಾರಣ ಬೇರೆ. ಬಂದರಿನಿಂದ ನೇರ ಸರಕು ಒಯ್ಯುವ ವ್ಯವಸ್ಥೆ, ನಾವು ಡಿಪಿಡಿ ಅನ್ನುವುದು, ಹೆಚ್ಚಿದಂತೆ ಯಾರ್ಡಿನಲ್ಲಿ ಅಟ್ಟಿಯ ತಳದ ಡಬ್ಬಕ್ಕಾಗಿ ಮೇಲಿನವನ್ನೆಲ್ಲ ಸರಿಸುವ ಕೆಲಸವೂ ಹೆಚ್ಚಿತು. ಒಬ್ಬನೇ ಗ್ರಾಹಕನ ಡಬ್ಬಗಳನ್ನು ಒಂದೇ ಅಟ್ಟಿಗೆ ಹಾಕಿ, ಮೇಲಿರುವುದನ್ನೇ ಮೊದಲು ಕೊಡತೊಡಗಿದೆವು. ಡಬ್ಬ ಹೆಚ್ಚಿರುವ ದೊಡ್ಡ ಗ್ರಾಹಕರಿಗೆ ಇದು ಸಲೀಸು. ಒಂದೆರಡೇ ಡಬ್ಬ ತರಿಸುವವರಿಗೆ ಇದರಿಂದ ಅನುಕೂಲವಾಗಿಲ್ಲ, ಅವರ ಗಾಡಿ ಈಗಲೂ ಕಾಯುತ್ತದೆ.

ಸರಾಸರಿಯನ್ನು ನಾನು ಈಗ ನಂಬುವುದಿಲ್ಲ. ಹತ್ತರಲ್ಲಿ ಒಂಬತ್ತು ಗಾಡಿ ಎಷ್ಟು ಹೊತ್ತಿನೊಳಗೆ ಹೊರಬಿದ್ದವು ಎಂದು ಕೇಳುತ್ತೇನೆ. ಉಳಿದ ಒಂದು ಗಾಡಿಯ ಕಥೆಯನ್ನು ಬೆಳಗಿನ ಸಭೆಯಲ್ಲಿ ಪ್ರತ್ಯೇಕವಾಗಿ ಓದಿಸುತ್ತೇನೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಕ್ರೇನ್ ನಿಲ್ಲುವುದು ಇನ್ನೂ ನಮ್ಮ ದೊಡ್ಡ ತಲೆನೋವು. ಯಾರ್ಡಿನ ಒಂದು ಬ್ಲಾಕಿನಲ್ಲಿ ಹೊಸ ಆಪರೇಟರ್ ಬಂದು ಕೂರುವ ತನಕ ಹಳಬರು ಕ್ಯಾಬಿನ್ ಬಿಡದಂತೆ ಪ್ರಯೋಗ ನಡೆಸುತ್ತಿದ್ದೇವೆ. ಮಳೆಗಾಲ ಮುಗಿದ ಮೇಲೆ ಉಳಿದ ಬ್ಲಾಕುಗಳಿಗೂ ಅದನ್ನೇ ತರುವ ಯೋಚನೆ ಇದೆ.